ಮೊದಲು ಯಾರದ್ದು?

ಹಾರ್ಡ್ ಡಿಸ್ಕು ಸಾಯೋ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತೆ. ಒಂದು ಫೋಲ್ಡರ್ ತೆರೆಯೋಕೆ ನಿಮಿಷಗಟ್ಟಲೆ ಹಿಡಿಯುತ್ತೆ. ಲ್ಯಾಪ್‌ಟಾಪು ಗರ ಬಡಿದ ಹಾಗೆ ನಿಂತುಬಿಡುತ್ತೆ. ಒಳಗಿನಿಂದ ಟಕ್ ಟಕ್ ಅಂತ ಸದ್ದು ಬರುತ್ತೆ. ಒಳಗಿರೋದು ಗಾಜಿನದೋ ಅಲ್ಯೂಮಿನಿಯಮ್ಮಿನದೋ ತಟ್ಟೆ. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಓದುವ ಹೆಡ್ಡು ತಟ್ಟೆಯನ್ನು ಮುಟ್ಟೋದಿಲ್ಲ. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತೆ. ಆ ಅಂತರ ತಪ್ಪಿ ತಾಗಿದರೆ ಗೀರು ಬೀಳುತ್ತೆ. ಆಮೇಲೆ ಓದೋಕೆ ಹೋದಷ್ಟೂ ಗೀರು ಹೆಚ್ಚಾಗಬಹುದು. ಉಳಿಸೋಕೆ ಮಾಡುವ ಪ್ರಯತ್ನವೇ ಅದರ ಆಯಸ್ಸನ್ನು ತಿನ್ನುತ್ತೆ.

ಅದಕ್ಕೇ ಇಂಥ ಡಿಸ್ಕಿನ ಮುಂದೆ ಕೂತವನು ‘ಎಲ್ಲಾ ಉಳಿಸ್ತೀನಿ’ ಅನ್ನೋ ಹಾಗಿಲ್ಲ. ಮೊದಲು ಯಾವುದು, ಆಮೇಲೆ ಯಾವುದು, ಯಾವುದು ಹೋದರೂ ಹೋಗಲಿ ಅಂತ ತೀರ್ಮಾನ ಮಾಡಲೇಬೇಕು. ಮೇಲುನೋಟಕ್ಕೆ ಇದು ರಿಪೇರಿ ಅಂಗಡಿಯ ಪ್ರಶ್ನೆ. ನನಗೆ ಮಾತ್ರ ಇದು ಧರ್ಮದ ಪ್ರಶ್ನೆಯಾಗಿ ಕಂಡಿದೆ.

ಒಂದು ಉದಾಹರಣೆ ಕೊಡ್ತೀನಿ. ನಮ್ಮ ಪಿರಿಯಾಪಟ್ಟಣದಲ್ಲಿ ಹಿರಿಯ ಮೇಷ್ಟ್ರೊಬ್ಬರಿದ್ದರು. ರಜೆಯಲ್ಲಿ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಅಜ್ಜಿಯರ ಬಾಯಿಂದ ಸೋಬಾನೆ, ರಾಗಿ ಬೀಸೋ ಪದ, ನಾಟಿ ಪದ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಬರೋರು. ಅವರು ತೀರಿಕೊಂಡ ಕೆಲವು ತಿಂಗಳಿಗೆ ಅವರ ಮನೆಯವರು ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಹತ್ರ ಬಂದರು. ಡಿಸ್ಕು ಆಗಲೇ ಟಕ್ ಟಕ್ ಅನ್ನೋಕೆ ಶುರು ಮಾಡಿತ್ತು. ಪೇಟೆಯ ರಿಪೇರಿ ಹುಡುಗ ನೋಡಿ ಹೇಳಿದ: “ಹೊಸ ಎಸ್‌ಎಸ್‌ಡಿ ಹಾಕೋದು ಅರ್ಧ ಗಂಟೆ ಕೆಲಸ ಸಾರ್. ಲ್ಯಾಪ್‌ಟಾಪು ಮೊದಲಿಗಿಂತ ಚೆನ್ನಾಗೇ ಓಡುತ್ತೆ. ಒಳಗಿರೋದರ ಬಗ್ಗೆ ಮಾತ್ರ ಗ್ಯಾರಂಟಿ ಕೊಡಲ್ಲ.” ಬೆಂಗಳೂರಲ್ಲಿ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚೋರಿದ್ದಾರೆ. ಅದು ಹತ್ತಾರು ಸಾವಿರದ ಮಾತು, ಪಿಂಚಣಿಯಲ್ಲಿ ನಡೆಯೋ ಮನೆಗೆ ಆಗುವಂಥದ್ದಲ್ಲ.

ಅಮ್ಮ ಕೇಳಿದ್ದು ಫೋಟೋಗಳನ್ನ. “ಕೊನೇ ಎರಡು ವರ್ಷದ್ದು ಎಲ್ಲಾ ಅದರಲ್ಲೇ ಇದೆ ಕಣಪ್ಪ. ಅದೊಂದು ತೆಗೆದುಕೊಡು ಸಾಕು.”

ಡಿಸ್ಕಿನಲ್ಲಿ ಮೂರು ಬಗೆಯ ಸಾಮಾನಿತ್ತು ಅನ್ನಬಹುದು. ಪಿಂಚಣಿ, ವಿಮೆ, ಪಹಣಿಯ ಸ್ಕ್ಯಾನ್ ಪ್ರತಿಗಳು. ಮನೆಯ ಫೋಟೋಗಳು. ಹದಿನಾಲ್ಕು ಗಂಟೆಯಷ್ಟು ಹಾಡು. ಕಾಗದಪತ್ರ ಹೋದರೆ ಕಚೇರಿ ಅಲೆದು ಮತ್ತೆ ತರಬಹುದು. ಫೋಟೋಗಳಲ್ಲಿ ಒಂದಷ್ಟು ನೆಂಟರ ಫೋನಲ್ಲಿ ಸಿಗಬಹುದು, ಮಗಳ ಮದುವೆಯದು ಆಲ್ಬಮ್ಮಿನಲ್ಲಿದೆ. ಹಾಡುಗಳಿಗೆ ಮಾತ್ರ ಬೇರೆ ಪ್ರತಿ ಎಲ್ಲೂ ಸಿಗಲಿಲ್ಲ. ಹಾಡಿದವರಲ್ಲಿ ಕೆಲವರು ಈಗ ಇಲ್ಲ.

‘ಮತ್ತೆ ಸಿಗೋದಿಲ್ಲವೋ ಅದೇ ಮೊದಲು’ ಅಂದುಬಿಡಬಹುದಿತ್ತು. ಆದರೆ ಸಮಸ್ಯೆ ಅಷ್ಟಕ್ಕೇ ಮುಗಿಯಲ್ಲ. ಗಂಡನ ಕೊನೆಯ ಎರಡು ವರ್ಷದ ಮುಖವೂ ಮತ್ತೆ ಸಿಗೋದಿಲ್ಲ. ಲ್ಯಾಪ್‌ಟಾಪು ಅಮ್ಮನದು, ದುಃಖ ಅಮ್ಮನದು, ಎದುರಿಗೆ ಕೂತು ಕೇಳ್ತಿರೋರೂ ಅವರೇ. ಹಾಡಿದ ಅಜ್ಜಿಯರು ಅಲ್ಲಿರಲಿಲ್ಲ. ತಮ್ಮ ಹಾಡು ಯಾವುದೋ ತಟ್ಟೆಯ ಮೇಲೆ ಸಾಯ್ತಾ ಇದೆ ಅಂತ ಅವರಿಗೆ ಗೊತ್ತೂ ಇರಲಿಲ್ಲ. ಎದುರಿಗಿರೋರ ಕಣ್ಣೀರು ಒಂದು ಕಡೆ, ಇಲ್ಲದವರ ಹಕ್ಕು ಇನ್ನೊಂದು ಕಡೆ. ನೀವಾಗಿದ್ದರೆ ಯಾವುದನ್ನ ಮೊದಲು ಎತ್ತುತ್ತಿದ್ದಿರಿ?

ಹಾಳಾದ ಡಿಸ್ಕಿನಿಂದ ಮಾಹಿತಿ ಎತ್ತುವ ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶ ಇದೆ. ಸುಲಭವಾಗಿ ಬರೋದನ್ನ ಅದು ಮೊದಲು ಎತ್ತಿಕೊಳ್ಳುತ್ತೆ, ಕಷ್ಟದ ಜಾಗ ಬಿಟ್ಟು ಮುಂದೆ ಹೋಗಿ ಕೊನೆಗೆ ವಾಪಸ್ ಬರುತ್ತೆ. ಯಂತ್ರಕ್ಕೆ ಅದು ಒಳ್ಳೆಯ ನೀತಿ. ಮನುಷ್ಯರೂ ಎಷ್ಟೋ ಸಲ ಹಾಗೇ ಮಾಡ್ತೀವಿ: ಹತ್ತಿರ ಇರೋರಿಗೆ, ಕೇಳೋಕೆ ಬಂದೋರಿಗೆ ಮೊದಲು. ದೂರದವರ ಪಾಲು ಕೊನೆಗೆ, ಉಳಿದಿದ್ದರೆ.

ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಮೈಸೂರಿಗೇ ಸಂಬಂಧಪಟ್ಟ ಒಂದು ಹಳೆಯ ಗ್ರಂಥ. ಕಳೆದೇಹೋಗಿದೆ ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅದರ ಮೂರನೇ ಅಧಿಕರಣದಲ್ಲಿ ನಿಕ್ಷೇಪದ ಬಗ್ಗೆ, ಅಂದರೆ ಒಬ್ಬರು ಇನ್ನೊಬ್ಬರ ಬಳಿ ನಂಬಿ ಇಟ್ಟ ವಸ್ತುವಿನ ಬಗ್ಗೆ ಒಂದು ಅಧ್ಯಾಯವೇ ಇದೆ. ಶತ್ರುಗಳು ಲೂಟಿ ಮಾಡಿದರೆ, ಊರಿಗೆ ಬೆಂಕಿ ಬಿದ್ದರೆ, ಪ್ರವಾಹ ಬಂದರೆ ಇಟ್ಟುಕೊಂಡವನು ಆ ವಸ್ತುವನ್ನು ತುಂಬಿಕೊಡಬೇಕಾಗಿಲ್ಲ. ಆದರೆ ಇಟ್ಟ ವಸ್ತುವನ್ನ ತಾನೇ ಬಳಸಿಕೊಂಡರೆ ದಂಡ.

ಹಾಡುಗಳು ನಿಕ್ಷೇಪ. ರೆಕಾರ್ಡಿಂಗಿನಲ್ಲೇ ಒಬ್ಬ ಅಜ್ಜಿ ಹಾಡು ಮುಗಿಸಿ ಹೇಳ್ತಾರೆ: “ನಮ್ಮತ್ತೆ ಕಲಿಸಿದ್ದು ಕನಾ ಮೇಷ್ಟ್ರೇ. ಜ್ವಾಪಾನವಾಗಿ ಮಡಿಕಳಿ.” ಇದು ದಾನ ಕೊಟ್ಟ ಮಾತಲ್ಲ, ಇಟ್ಟುಕೊಳ್ಳೋಕೆ ಒಪ್ಪಿಸಿದ ಮಾತು. ಮೇಷ್ಟ್ರು ಹೋದ ಮೇಲೆ ಆ ಹೊಣೆ ಅವರ ಮನೆಗೆ ಬಂತು. ಲ್ಯಾಪ್‌ಟಾಪು ಮುಟ್ಟಿದ ಮೇಲೆ ಒಂದಷ್ಟು ನನಗೂ ಬಂತು.

ಡಿಸ್ಕು ಹೋಯ್ತು, ಏನು ಮಾಡೋಕಾಗುತ್ತೆ ಅನ್ನಬಹುದಲ್ಲ? ನಮ್ಮ ಕಡೆ ಹೊಗೆಸೊಪ್ಪು ಹದ ಮಾಡುವಾಗ ಬ್ಯಾರನ್ನಿಗೆ ಬೆಂಕಿ ಬಿದ್ದರೆ ಒಂದೇ ರಾತ್ರೀಲಿ ವರ್ಷದ ದುಡಿಮೆ ಬೂದಿ. ಅದಕ್ಕೆ ಯಾರೂ ರೈತನನ್ನ ದೂರಲ್ಲ. ಆದರೆ ಇದು ಹೇಳದೆ ಬಂದ ಬೆಂಕಿಯಲ್ಲ. ಸದ್ದು ಕೇಳಿಸಿದೆ, ಸೂಚನೆ ಸಿಕ್ಕಿದೆ. ಕೌಟಿಲ್ಯ ಕೊಡುವ ವಿನಾಯ್ತಿ ಸೂಚನೆ ಸಿಕ್ಕ ಕ್ಷಣಕ್ಕೆ ಮುಗಿಯುತ್ತೆ ಅಂತ ನನ್ನ ವಾದ. ಅಲ್ಲಿಂದ ಮುಂದೆ ನಾವು ಯಾವುದನ್ನ ಮೊದಲು ಎತ್ತುತ್ತೀವಿ ಅನ್ನೋದು ನಮ್ಮ ಕೃತ್ಯ, ದೈವದ್ದಲ್ಲ. ನನ್ನದನ್ನ ನಾನು ಕಳಕೊಂಡರೆ ಅದು ನಷ್ಟ. ಬೇರೆಯವರು ಒಪ್ಪಿಸಿದ್ದನ್ನ ಬದಿಗಿಟ್ಟು ನನ್ನದನ್ನ ಉಳಿಸಿಕೊಂಡರೆ ಅದು ದ್ರೋಹಕ್ಕೆ ಹತ್ತಿರ.

ಇದನ್ನೆಲ್ಲಾ ಅಮ್ಮನಿಗೆ ಸಲೀಸಾಗಿ ಹೇಳಬಹುದಿತ್ತು ಅಂದ್ಕೋಬೇಡಿ. ಗಂಡನ ಕಳಕೊಂಡವರ ಮುಂದೆ ನ್ಯಾಯ ಹೇಳೋದು ಸುಲಭವಲ್ಲ. ತೀರ್ಮಾನ ಅವರದೇ ಆಗಬೇಕಿತ್ತು. ಏನೇನಿದೆ, ಯಾವುದು ಬೇರೆ ಕಡೆ ಸಿಗಬಹುದು, ಎರಡೂ ಬರದೇ ಇರಬಹುದು ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಆ ಅಜ್ಜಿಯ ದನಿ ಒಂದು ನಿಮಿಷ ಕೇಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಡು ನಮ್ಮನೇದಲ್ಲ. ಮೊದಲು ಅದನ್ನೇ ತೆಗಿ” ಅಂದರು.

ಹಾಡುಗಳು ಆರು ಗಂಟೆ ತಗೊಂಡವು. ಹೆಚ್ಚುಕಮ್ಮಿ ಎಲ್ಲಾ ಬಂದವು. ಫೋಟೋಗಳಲ್ಲಿ ಅರ್ಧ ಬರೋ ಹೊತ್ತಿಗೆ ಡಿಸ್ಕು ನಿಂತಿತು. ಕೊನೆಯ ವರ್ಷದ ಫೋಲ್ಡರ್ ಬರಲೇ ಇಲ್ಲ. ಅಮ್ಮ ಅಳಲಿಲ್ಲ, ನಗಲೂ ಇಲ್ಲ. ಸರಿಯಾದದ್ದನ್ನ ಮಾಡಿದರೆ ಮನಸ್ಸಿಗೆ ಸಮಾಧಾನ ಸಿಗುತ್ತೆ ಅಂತಾರೆ. ಯಾವಾಗಲೂ ಸಿಗಲ್ಲ. ಸರಿಯಾದದ್ದಕ್ಕೂ ಬೆಲೆ ಇರುತ್ತೆ, ಅದನ್ನ ಇಲ್ಲಿ ತೆತ್ತೋರು ಅಮ್ಮ, ನಾನಲ್ಲ. ನನ್ನ ವಾದ ಎಷ್ಟೇ ಗಟ್ಟಿಯಿದ್ದರೂ ಈ ವ್ಯತ್ಯಾಸ ಮರೆಯೋ ಹಾಗಿಲ್ಲ.

ಹೊಸದು ಹಾಕಿದ ಮೇಲೆ ಹಳೇ ಡಿಸ್ಕು ಏನು ಮಾಡೋದು? ಗುಜರಿಗೆ ಹಾಕಿದರಾಯ್ತು ಅಂತ ನಾವು ಅಂದ್ಕೋತೀವಿ. ಸತ್ತ ಡಿಸ್ಕೂ ಪೂರ್ತಿ ಸತ್ತಿರಲ್ಲ. ಹೆಡ್ಡು ಬದಲಾಯಿಸಿದರೆ ಓದೋರು ಓದಬಹುದು. ನಡೀತಿರೋ ಡಿಸ್ಕಿನಲ್ಲೂ ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಅಳಿಯೋದು ಫೈಲು ಎಲ್ಲಿದೆ ಅನ್ನೋ ವಿಳಾಸ ಮಾತ್ರ. ಅದರ ಮೇಲೆ ಬೇರೇನಾದರೂ ಬರೆಯೋವರೆಗೂ ಫೈಲು ಅಲ್ಲೇ ಇರುತ್ತೆ. ಹಾಗಾಗಿ ಆಧಾರ್, ಪಹಣಿ, ಮನೆ ಹೆಣ್ಣುಮಕ್ಕಳ ಚಿತ್ರ ಇರೋ ತಟ್ಟೆಯನ್ನ ಕೆ.ಜಿ. ಲೆಕ್ಕಕ್ಕೆ ಮಾರೋದು ಮನೆ ಕೀಲಿ ಮಾರಿದ ಹಾಗೆ. ರಿಪೇರಿ ಹುಡುಗ ಒಂದು ಮಾತಂದ: “ಒಳಗೇನಿದೆ ಅಂತ ನಾನು ನೋಡಲ್ಲ ಸಾರ್, ಎಷ್ಟಿದೆ ಅಂತ ಮಾತ್ರ ನೋಡ್ತೀನಿ.” ಪೇಟೆಯ ಅರ್ಧ ಮನೆಗಳ ಗುಟ್ಟು ಅವನ ಮೇಜಿನ ಮೇಲೆ ಬಂದು ಹೋಗುತ್ತೆ. ನಾವು ಅವನಿಗೆ ಕೊಡೋ ಕೂಲಿಯಲ್ಲಿ ಈ ಸಂಯಮಕ್ಕೆ ಲೆಕ್ಕ ಹಿಡಿದಿರಲ್ಲ.

ಇನ್ನು ಹೊಸ ಎಸ್‌ಎಸ್‌ಡಿ. ಅದರಲ್ಲಿ ತಿರುಗೋ ಭಾಗವೇ ಇಲ್ಲ, ಮಾಹಿತಿಯೆಲ್ಲಾ ವಿದ್ಯುದಾವೇಶವಾಗಿ ಉಳಿದಿರುತ್ತೆ. ಬಹಳ ಕಾಲ ಕರೆಂಟು ಕಾಣದೆ ಬಿದ್ದಿದ್ದರೆ ಅದು ಸೋರಿಹೋಗಲೂಬಹುದು. ಕೈಕೊಟ್ಟರೆ ಟಕ್ ಟಕ್ ಕೂಡ ಅನ್ನಲ್ಲ. ಯಾವ ತಟ್ಟೆಯೂ, ಯಾವ ಓಲೆಯೂ ತಾನಾಗೇ ಉಳಿಸಲ್ಲ; ಮತ್ತೆ ಮತ್ತೆ ನಕಲು ಮಾಡೋರು ಇರೋದರಿಂದ ಉಳಿಯುತ್ತೆ. ನಮ್ಮ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ ನೋಡಿ. ಊರು ಬಿಟ್ಟು ಬಂದ ಟಿಬೆಟನ್ನರು 1970ರಲ್ಲಿ ಸೆರಾ ಮಠವನ್ನ ಇಲ್ಲಿ ಮತ್ತೆ ಕಟ್ಟಿದರು. ಉದ್ದುದ್ದ ಹಾಳೆಯ ಗ್ರಂಥಗಳನ್ನ ಬಟ್ಟೆ ಸುತ್ತಿ ಜೋಪಾನ ಮಾಡ್ತಾರೆ, ನಿಜ. ಅದರ ಜೊತೆಗೆ ಮರಿ ಸನ್ಯಾಸಿಗಳು ಅವನ್ನ ಬಾಯಿಪಾಠ ಮಾಡ್ತಾರೆ, ಸಂಜೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ವಾದ ಮಾಡ್ತಾರೆ. ಎಷ್ಟೋ ತಲೆಗಳಲ್ಲಿ ಪ್ರತಿ ಇದೆ.

ನಿಕ್ಷೇಪದ ಧರ್ಮವೂ ಬರೀ ಕಾಯೋದಲ್ಲ, ವಾಪಸ್ ಕೊಡೋದು. ಅಮ್ಮನ ಒಪ್ಪಿಗೆ ಪಡೆದು ಹಾಡುಗಳನ್ನ ಊರೂರಿಗೆ ತಗೊಂಡು ಹೋಗಿ, ಹಾಡಿದವರ ಮಕ್ಕಳು ಮೊಮ್ಮಕ್ಕಳ ಫೋನಿಗೆ ಹಾಕಿಕೊಡ್ತಾ ಇದ್ದೀನಿ. ಒಂದೂರಲ್ಲಿ ಇನ್ನೂ ಗಟ್ಟಿಯಾಗಿರೋ ಅಜ್ಜಿ ತನ್ನ ಹಾಡು ತಾನೇ ಕೇಳಿ, “ನಡುವೆ ಒಂದು ಸೊಲ್ಲು ಬುಟ್ಟಿವ್ನಿ ಕನಪ್ಪಾ, ತಡಿ” ಅಂದು ಮೊದಲಿಂದ ಹಾಡೋಕೆ ಶುರು ಮಾಡಿದರು. ಮೊಮ್ಮಗಳು ಫೋನ್ ತೆಗೆದು ಹತ್ತಿರ ಹಿಡಿದಳು.