ನಾವಂದ್ರ ಯಾರು?

2021ರ ಜೂನ್ 1, ಬೆಳಗಿನ ಏಳು ದಾಟಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿ, ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಲಾಕ್‌ಡೌನ್ ದಿನಗಳು. ಯಾವ ಹೊತ್ತಿಗೆ ಯಾರ ಮನೆಯಿಂದ ಏನು ಸುದ್ದಿ ಬರುತ್ತೋ ಅನ್ನೋ ಭಯ ಎಲ್ಲರಿಗೂ ಇತ್ತು. ಅಮ್ಮ ನನ್ನ ಮುಖ ನೋಡಿ ಗಾಬರಿಯಾಗಿ ಬಂದಳು.

"ಏನಾತಪ್ಪಾ? ಯಾರಿಗೇನಾತು?"

"ಯಾರಿಗೂ ಏನಾಗಿಲ್ಲಮ್ಮ. ಸೋತ್ವಿ."

"ಸೋತ್ವಿ ಅಂದ್ರ? ಯಾರು?"

"ನಾವು."

"ನಾವಂದ್ರ ಯಾರೋ?"

ಹೇಳೋಕೆ ಬಾಯಿ ಬರಲಿಲ್ಲ. ನಾನು ಹೇಳಿದ ‘ನಾವು’ ಅಂದರೆ ಟೊರೊಂಟೊ ಮೇಪಲ್ ಲೀಫ್ಸ್. ಕೆನಡಾದ ಐಸ್ ಹಾಕಿ ತಂಡ. ಏಳು ಪಂದ್ಯಗಳ ಸರಣಿಯಲ್ಲಿ 3-1ರ ಮುನ್ನಡೆ ಇಟ್ಟುಕೊಂಡು, ಕೊನೆಯ ಮೂರೂ ಪಂದ್ಯಗಳನ್ನು ಮಾಂಟ್ರಿಯಲ್‌ಗೆ ಬಿಟ್ಟುಕೊಟ್ಟ ತಂಡ. 1967ರ ನಂತರ ಒಂದೇ ಒಂದು ಸಲವೂ ಸ್ಟ್ಯಾನ್ಲಿ ಕಪ್ ಗೆಲ್ಲದ ತಂಡ. ಅದರಲ್ಲಿ ಯಾರೂ ಬಳ್ಳಾರಿಯ ಹೆಸರು ಕೇಳಿರಲಿಕ್ಕಿಲ್ಲ. ಬೇಸಿಗೆ ಮತ್ತು ಕಡುಬೇಸಿಗೆ ಅಂತ ಎರಡೇ ಕಾಲ ಇರೋ ನಮ್ಮೂರಲ್ಲಿ ಐಸ್ ಅಂದರೆ ಕಬ್ಬಿನಹಾಲಿನ ಗ್ಲಾಸಿನಲ್ಲಿ ಇರೋದು, ಅಷ್ಟೇ.

ಈ ಹುಚ್ಚು ಹತ್ತಿದ್ದು ಕಂಪನಿ ಕೆಲಸಕ್ಕೆ ಅಂತ ಎರಡು ಚಳಿಗಾಲ ಟೊರೊಂಟೊದಲ್ಲಿ ಇದ್ದಾಗ. ಅಲ್ಲಿನ ಸಿಟಿ ಹಾಲ್ ಮುಂದೆ ಸಾರ್ವಜನಿಕರಿಗೆ ಸ್ಕೇಟಿಂಗ್ ಮಾಡಲು ಒಂದು ರಿಂಕ್ ಇದೆ. ಬಾಡಿಗೆ ಸ್ಕೇಟ್ ಕಟ್ಟಿಕೊಂಡು ಇಳಿದವನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಬಿದ್ದೆ. ಪಕ್ಕದಲ್ಲಿ ಐದು ವರ್ಷದ ಮಗು ಹಿಂದುಮುಂದಾಗಿ ಹಕ್ಕಿಯಂತೆ ಜಾರುತ್ತಿತ್ತು. ಅವತ್ತು ರಾತ್ರಿ ಟೀವಿಯಲ್ಲಿ ಪಂದ್ಯ ನೋಡಿದಾಗ ಕಣ್ಣೇ ಬೇರೆಯಾಗಿತ್ತು. ನಿಲ್ಲಲಿಕ್ಕೂ ಆಗದ ನೆಲದ ಮೇಲೆ ಈ ಜನ ಓಡುತ್ತಾರೆ, ತಿರುಗುತ್ತಾರೆ, ಕೋಲಿನ ತುದಿಯಲ್ಲಿ ಒಂದು ರಬ್ಬರ್ ಬಿಲ್ಲೆಯನ್ನು ಕಾಪಾಡಿಕೊಳ್ಳುತ್ತಾರೆ!

ಕ್ರಿಕೆಟ್ ಬಿಟ್ಟು ಇದೇ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಬೇರೆಯವನಾಗಿ ಕಾಣಬೇಕು ಅನ್ನೋ ಚಟ ಅಂತಾನೂ ಅಂದಿದ್ದಾರೆ. ಅದರಲ್ಲಿ ಸ್ವಲ್ಪ ನಿಜ ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟೇ ಅಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ದೊಡ್ಡ ಬ್ಯಾಟ್ಸ್‌ಮನ್ ಇಡೀ ದಿನ ಕ್ರೀಸ್ ಹಿಡಿದು ನಿಲ್ಲಬಹುದು. ಐಸ್ ಹಾಕಿಯಲ್ಲಿ ಎಂಥ ಸ್ಟಾರ್ ಆದರೂ ಮುಕ್ಕಾಲು ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಆಡಿ ಬೆಂಚಿಗೆ ಬರಬೇಕು. ಆಟ ನಡೆಯುತ್ತಿರುವಾಗಲೇ ಇನ್ನೊಬ್ಬ ಗೋಡೆ ಹಾರಿ ಇಳಿಯುತ್ತಾನೆ. ಗೋಲು ಹೊಡೆದವನ ಹೆಸರಿನ ಜೊತೆ ಪಕ್ ತಲುಪಿಸಿದ ಇಬ್ಬರವರೆಗೆ ಹೆಸರು ದಾಖಲಾಗುತ್ತದೆ. ಇನ್ನು ನನಗೆ ಅತಿ ಇಷ್ಟವಾದ ನಿಯಮ ಪೆನಾಲ್ಟಿಯದು. ಒಬ್ಬ ಕೋಲು ಅಡ್ಡಹಾಕಿ ಎದುರಾಳಿಯನ್ನು ಬೀಳಿಸಿದರೆ ಎರಡು ನಿಮಿಷ ಗಾಜಿನ ಡಬ್ಬಿಯಂಥ ಪೆಟ್ಟಿಗೆಯಲ್ಲಿ ಹೋಗಿ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಆಳು ಕಡಿಮೆ ಇಟ್ಟುಕೊಂಡೇ ಆಡಬೇಕು. ತಪ್ಪು ಒಬ್ಬನದು, ಬೆವರು ಉಳಿದವರದು. ‘ನಾವು’ ಅನ್ನೋ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಸರಿ, ಅದು ಅವರ ‘ನಾವು’. ಅದರೊಳಗೆ ನಾನು ಹೇಗೆ ಬಂದೆ?

ಬಳ್ಳಾರಿಯಲ್ಲಿ ಬೆಳೆದವರಿಗೆ ತೆಲುಗು ತಾನಾಗೇ ಕಿವಿಗೆ ಬೀಳುತ್ತದೆ. ನಮ್ಮ ಓಣಿಯಲ್ಲೂ ಅರ್ಧ ಮಾತು ತೆಲುಗೇ. ತೆಲುಗಿನಲ್ಲಿ ‘ನಮ್ಮ ಊರು’ ಅನ್ನೋದಕ್ಕೆ ಎರಡು ಮಾತಿವೆ. ಕೇಳುತ್ತಿರುವ ನಿನ್ನನ್ನೂ ಸೇರಿಸಿಕೊಂಡರೆ ‘ಮನ ಊರು’. ನಿನ್ನನ್ನು ಬಿಟ್ಟು ನಾವಷ್ಟೇ ಅಂದರೆ ‘ಮಾ ಊರು’. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಮ್ಮ’. ಅಭಿಮಾನಿಯ ಸಂಕಟ ಇರೋದು ಇಲ್ಲೇ ಅಂತ ನನಗೆ ಅನಿಸಿದೆ. ತಂಡದವರು ‘ಮಾ’ ಅಂತ ಹೇಳಿದ್ದನ್ನು ನಾವು ‘ಮನ’ ಅಂತ ಕೇಳಿಸಿಕೊಳ್ಳುತ್ತೇವೆ. ಅವರು ಬೆವರು ಸುರಿಸಿ ಗೆದ್ದದ್ದರಲ್ಲಿ, ಕೂತಲ್ಲೇ ಕೂತು ಪಾಲು ತಗೋತೇವೆ. ಟಿಕೆಟ್ ಕೊಂಡೆ, ಜರ್ಸಿ ಕೊಂಡೆ ಅನ್ನಬಹುದು. ಆದರೆ ದುಡ್ಡು ಕೊಟ್ಟವನು ಗಿರಾಕಿ ಆಗುತ್ತಾನೆ, ನೆಂಟ ಆಗಲ್ಲ. ಇಷ್ಟು ವರ್ಷ ನಿದ್ದೆಗೆಟ್ಟೆ, ಸೋತಾಗ ಅತ್ತೆ ಅನ್ನಬಹುದು. ಇದು ಸ್ವಲ್ಪ ಗಟ್ಟಿ ವಾದ. ನಾನೂ ಬಹಳ ದಿನ ಇದನ್ನೇ ನಂಬಿದ್ದೆ: ಸೋಲಿನಲ್ಲಿ ಪಾಲು ತಗೊಂಡವನಿಗೆ ಗೆಲುವಿನಲ್ಲೂ ಪಾಲುಂಟು.

ಆದರೆ ಸೋಲಿಗಿಂತ ಕಷ್ಟದ ಪಾಲು ಇನ್ನೊಂದಿದೆ. ಅದು ನನಗೆ ಗೊತ್ತಾಗಿದ್ದು ಅದೇ ಸರಣಿಯ ಮೊದಲ ಪಂದ್ಯದಲ್ಲಿ.

ಅವತ್ತು ನಮ್ಮ ನಾಯಕ ಜಾನ್ ಟವಾರೆಸ್ ಐಸ್ ಮೇಲೆ ಬಿದ್ದ. ಹಿಂದಿನಿಂದ ವೇಗವಾಗಿ ಬರುತ್ತಿದ್ದ ಮಾಂಟ್ರಿಯಲ್‌ನ ಕೋರಿ ಪೆರಿಯ ಮೊಣಕಾಲು ಟವಾರೆಸ್ ತಲೆಗೆ ಬಡಿಯಿತು. ಬೇಕಂತ ಮಾಡಿದ್ದಲ್ಲ, ನೋಡಿದವರಿಗೆಲ್ಲ ಗೊತ್ತಿತ್ತು. ಟವಾರೆಸ್‌ನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಆಟ ಮತ್ತೆ ಶುರುವಾದ ಕೂಡಲೇ ನಮ್ಮ ನಿಕ್ ಫೊಲೀನೊ ಪೆರಿಯನ್ನು ಕರೆದ, ಇಬ್ಬರೂ ಕೈಗವಸು ಬಿಸಾಕಿ ಹೊಡೆದಾಡಿದರು. ಅದು ಆ ಆಟದ ಹಳೆಯ ಕಟ್ಟುಪಾಡು: ನಮ್ಮವನಿಗೆ ಏಟು ಬಿದ್ದರೆ ಯಾರಾದರೂ ಲೆಕ್ಕ ಕೇಳಲೇಬೇಕು. ಕೋವಿಡ್ ಕಾಲ, ಕ್ರೀಡಾಂಗಣದ ಕುರ್ಚಿಗಳೆಲ್ಲ ಖಾಲಿ. ಕೂಗಿದವರು ನನ್ನಂಥವರು, ಅವರವರ ಮನೆಗಳಲ್ಲಿ. ನಾನು ಸೋಫಾದಿಂದ ಎದ್ದು ನಿಂತು "ಬಿಡಬ್ಯಾಡ, ಹಾಕು!" ಅಂತ ಕಿರುಚಿದ್ದೆ. ಬೇಕಂತ ಮಾಡಿದ್ದಲ್ಲ ಅಂತ ಗೊತ್ತಿದ್ದೂ.

ಒಂದು ವಿಚಿತ್ರ ಗಮನಿಸಿ. ಕೋಲು ಅಡ್ಡಹಾಕಿದ ಸಣ್ಣ ತಪ್ಪಿಗೆ ಇಡೀ ತಂಡ ಕಷ್ಟಪಡಬೇಕು. ಆದರೆ ಇಬ್ಬರು ಸರಿಸಮ ಹೊಡೆದಾಡಿದರೆ, ಅವರಿಬ್ಬರು ಐದೈದು ನಿಮಿಷ ಒಳಗೆ ಕೂರುತ್ತಾರೆ, ಅವರ ಜಾಗಕ್ಕೆ ಬೇರೆಯವರು ಇಳಿಯುತ್ತಾರೆ. ತಂಡಕ್ಕೆ ಆಳು ಕಡಿಮೆಯಾಗಲ್ಲ. ‘ನಮಗೋಸ್ಕರ’ ಹೊಡೆದಾಡಿದವನ ಏಟು ಅವನ ಮೈಗೆ ಮಾತ್ರ.

ಡೆರೆಕ್ ಬೂಗಾರ್ಡ್ ಅಂತ ಒಬ್ಬ ಆಟಗಾರ ಇದ್ದ. ಮಿನೆಸೋಟ ವೈಲ್ಡ್ ಮತ್ತು ನ್ಯೂಯಾರ್ಕ್ ರೇಂಜರ್ಸ್ ತಂಡಗಳಿಗೆ ಎನ್ಎಚ್ಎಲ್‌ನಲ್ಲಿ 277 ಪಂದ್ಯ ಆಡಿದ, ಹೊಡೆದ ಗೋಲು ಮೂರು. ಅವನನ್ನು ಇಟ್ಟುಕೊಂಡಿದ್ದು ಗೋಲು ಹೊಡೆಯಲಿ ಅಂತಲ್ಲ, ಹೊಡೆದಾಡಲಿ ಅಂತ. ಅವನು ಕೈಗವಸು ಕಳಚಿದರೆ ಸಾವಿರಾರು ಜನ ಎದ್ದು ನಿಲ್ಲುತ್ತಿದ್ದರು. 2011ರ ಮೇನಲ್ಲಿ, ನೋವಿನ ಮಾತ್ರೆ ಮತ್ತು ಮದ್ಯ ಮಿತಿಮೀರಿ ಸತ್ತ. ವಯಸ್ಸು 28. ತಲೆಗೆ ಪದೇಪದೇ ಪೆಟ್ಟು ತಿಂದವರಲ್ಲಿ ಕಾಣುವ ಮೆದುಳಿನ ಕಾಯಿಲೆ ಅವನಿಗೆ ಆಗಲೇ ಹತ್ತಿತ್ತು ಅಂತ ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ಅವನು ಸತ್ತಾಗ ನಾನು ಈ ಆಟದ ಹೆಸರೂ ಕೇಳಿರಲಿಲ್ಲ. ಆದರೆ ಅವನ ಹೊಡೆದಾಟದ ಹಳೇ ವಿಡಿಯೋಗಳನ್ನು ಊಟ ಮಾಡುತ್ತಾ ನೋಡಿದ್ದೇನೆ, ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದ್ದೇನೆ. ಅವನ ಸಾವಿಗೆ ನಾನು ಕಾರಣ ಅಲ್ಲ. ಆದರೆ ಅವನ ಕೆಲಸಕ್ಕೆ ಸಂಬಳ ಹುಟ್ಟಿದ್ದು ನನ್ನಂಥವರ ಖುಷಿಯಿಂದಲೇ.

ಇದು ದೂರದ ಕತೆ ಅನಿಸಿದರೆ ಹತ್ತಿರದ್ದು ಹೇಳುತ್ತೇನೆ. 2025ರ ಜೂನ್ 3ರ ರಾತ್ರಿ, 18ನೇ ಸೀಸನ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ನನ್ನ ವಾಟ್ಸ್ಯಾಪ್ ತುಂಬಾ ‘ಕಪ್ ನಮ್ದು’. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸಂಜೆಯೊಳಗೆ ಅದೇ ಗುಂಪುಗಳಲ್ಲಿ ಸರ್ವನಾಮ ಬದಲಾಗಿತ್ತು: ‘ಅವರು ಯಾಕೆ ಹೋಗಬೇಕಿತ್ತು?’ ರಾತ್ರಿ ‘ನಾವು’ ಆಗಿದ್ದವರು ಬೆಳಗಾಗಿ ಸಂಜೆಯಾಗುವಷ್ಟರಲ್ಲಿ ‘ಅವರು’ ಆಗಿಬಿಟ್ಟರು. ಕಪ್ಪು ಮನ, ಹೆಣ ಮಾತ್ರ ಯಾರದ್ದೋ. ಯಾರ ಮೇಲೆ ಕೇಸು, ಯಾರ ತಪ್ಪು ಅನ್ನೋದು ಬೇರೆ ಮಾತು. ನಾನು ಹೇಳ್ತಿರೋದು ನಮ್ಮ ಬಾಯಿಯ ಬಗ್ಗೆ.

ಆದ್ದರಿಂದ ಅಮ್ಮನ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟು. ‘ನಾವು’ ಅನ್ನೋ ಹಕ್ಕು ಹುಟ್ಟಿದೂರಿನಿಂದ ಬರಲ್ಲ; ಹಾಗಾಗಿ ಬಳ್ಳಾರಿಯವನು ಟೊರೊಂಟೊ ತಂಡವನ್ನು ನಮ್ಮದು ಅಂದರೆ ತಪ್ಪಿಲ್ಲ. ಜರ್ಸಿಯಿಂದಲೂ ಬರಲ್ಲ. ನನ್ನ ಪಕ್ಷದವರು ತಪ್ಪು ಮಾಡಿದಾಗ, ನನ್ನ ಖುಷಿಗೆ ಇನ್ಯಾರದೋ ಮೈ ಬೆಲೆ ತೆತ್ತಾಗ, ಆಗಲೂ ಸರ್ವನಾಮ ಬದಲಾಯಿಸದೆ ‘ನಾವು’ ಅಂತಲೇ ಹೇಳೋಕೆ ಆದರೆ ಮಾತ್ರ ಅದು ಬರುತ್ತದೆ. ಪೆಟ್ಟಿಗೆಯಲ್ಲಿ ಕೂತವನ ಪಾಲಿನ ಎರಡು ನಿಮಿಷ ನಾನೂ ಆಡಬೇಕು.

ಅಂದರೆ ಆಟ ನೋಡೋದು ಬಿಟ್ಟೆನಾ? ಇಲ್ಲ. ಬಿಟ್ಟಿದ್ದರೆ ಈ ಬರಹ ಇನ್ನೂ ಗಂಭೀರವಾಗಿ ಕಾಣುತ್ತಿತ್ತೇನೋ. ಹಳೇ ಹೊಡೆದಾಟದ ವಿಡಿಯೋ ನೋಡೋದು ಬಿಟ್ಟಿದ್ದೇನೆ. ಈಗಲೂ ಯಾರಾದರೂ ಕೈಗವಸು ಬಿಸಾಕಿದರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಸುಳ್ಳು ಹೇಳಲ್ಲ. ಆದರೆ ಎದ್ದು ನಿಲ್ಲಲ್ಲ. ಇದರಿಂದ ಯಾರ ತಲೆಯೂ ಉಳಿಯಲ್ಲ ಅಂತ ಗೊತ್ತು. ಸಾಲದ ಕಂತು ಸಣ್ಣದು ಅಂತ ಕಟ್ಟದೇ ಇರೋಕಾಗುತ್ತಾ?

2025ರ ಮೇ ತಿಂಗಳಲ್ಲಿ ಮತ್ತೆ ಏಳನೇ ಪಂದ್ಯ, ಈ ಸಲ ಫ್ಲೋರಿಡಾ ಎದುರು. 6-1. ನಾನು ಊರಲ್ಲೇ ಇದ್ದೆ. ಅಮ್ಮ ವಗ್ಗರಣಿ-ಮಿರ್ಚಿ ತಟ್ಟೆ ತಂದಿಟ್ಟು, ನನ್ನ ಮುಖ ನೋಡಿ, ಈ ಸಲ ಗಾಬರಿಯಾಗದೆ ಕೇಳಿದಳು:

"ಸೋತ್ರೇನು ನಿಮ್ಮೋರು?"

"ಹ್ಞೂಂ. ಸೋತ್ವಿ," ಅಂದೆ.

"ಯಾರಿಗೂ ಏಟು ಬಿದ್ದಿಲ್ಲಲ್ಲ?"

ಅದನ್ನು ನಾನು ಗಮನಿಸಿಯೇ ಇರಲಿಲ್ಲ.