ಪುಣ್ಯಕೋಟಿಯ ಹೆಸರಿನಲ್ಲಿ

ಮಕ್ಕಳಿಗೆ ಗೋವಿನ ಹಾಡನ್ನು ಎಷ್ಟು ವರ್ಷ ಕಲಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟ ಪುಣ್ಯಕೋಟಿ ತಿರುಗಿ ಬಂದು ನಿಂತಾಗ ಪ್ರತಿ ವರ್ಷವೂ ಒಂದಿಬ್ಬರು ಹುಡುಗಿಯರ ಕಣ್ಣು ತುಂಬುತ್ತವೆ. ನನ್ನವೂ ತುಂಬುತ್ತವೆ. ಸತ್ಯವೆಂದರೇನು ಎಂದು ಆ ಹಾಡಿನಿಂದ ಹೇಳಿಕೊಟ್ಟ ನಾನೇ ಒಂದು ಕರುವಿನ ಹೆಸರಿನಲ್ಲಿ ಸುಳ್ಳು ಹೇಳಿದೆ.

2022ರ ಮಾತು. ಧಾರವಾಡದಲ್ಲಿ ನಮ್ಮ ಶಾಲೆಯ ಹತ್ತಿರ ಯಾವುದೋ ಗಾಡಿ ಬಡಿದು ಒಂದು ಬೀಡಾಡಿ ಕರುವಿನ ಕಾಲು ಮುರಿಯಿತು. ದನದ ಡಾಕ್ಟರರು ಬಂದು ಕಟ್ಟು ಹಾಕಿದರು. ಔಷಧಕ್ಕೆ, ಮೇವಿಗೆ ಹಣ ಬೇಕಲ್ಲ? ಬಿಸ್ಕೀಟಿನ ಡಬ್ಬಿಗೆ ಕರುವಿನ ಚಿತ್ರ ಅಂಟಿಸಿ, 'ಈ ಕರುವನ್ನು ಉಳಿಸಿ' ಎಂದು ದಪ್ಪಕ್ಷರದಲ್ಲಿ ಬರೆದೆ. ಹುಡುಗಿಯರು ಓಣಿ ಓಣಿ ತಿರುಗಿದರು. ನಾಲ್ಕನೆಯ ದಿನ ಕರು ಸತ್ತಿತು. ಡಬ್ಬಿ ಮಾತ್ರ ತಿರುಗುತ್ತಲೇ ಇತ್ತು. ಉಳಿದ ಹಣವನ್ನು ಗೋಶಾಲೆಯ ಮೇವಿಗೆ ಕೊಟ್ಟರಾಯಿತು, ಅದೂ ದನಗಳಿಗೇ ಅಲ್ಲವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಎಂಟನೆಯ ತರಗತಿಯ ಒಬ್ಬ ಹುಡುಗಿ ಬಂದು ಕೇಳಿದಳು: "ಅಕ್ಕೋರ, ಕರಾ ಸತ್ತು ಮೂರು ದಿನಾ ಆತಲ್ರಿ. ಮತ್ತ ಯಾಕ ಡಬ್ಬಿ ಹಿಡೀಬೇಕ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಒಂದು ಪೈಸೆಯನ್ನೂ ನಾನು ಮುಟ್ಟಿರಲಿಲ್ಲ. ಆದರೂ ಮುಖ ಬಿಸಿಯಾಯಿತು.

ಆ ರಾತ್ರಿ ನನ್ನ ತವರೂರು ಹೆಬ್ಬಳ್ಳಿ ನೆನಪಾಯಿತು. ಅಪ್ಪ ಒಮ್ಮೆ ಎತ್ತು ಮಾರಲು ಹೊರಟಿದ್ದ. ಕೊಳ್ಳುವವನು ಬಂದು ಹಲ್ಲು ಎಣಿಸಿ, ಸುಳಿ ನೋಡಿ, ಬೆನ್ನು ಸವರಿ ಒಪ್ಪಿಕೊಂಡ. ಆಗ ಅಪ್ಪನೇ, "ಮಳಿಗಾಲದಾಗ ಬಲಗಾಲು ಎಳೀತೈತಿ, ನೋಡ್ಕೊಂಡು ರೊಕ್ಕಾ ಕೊಡು" ಅಂದ. ಬೆಲೆ ಇಳಿಯಿತು. ಅವ್ವ ಸಿಟ್ಟಾದಳು. ಅಪ್ಪ ಹೇಳಿದ್ದು ಇಷ್ಟೆ: "ಅದಕ್ಕ ಬಾಯಿಲ್ಲ. ಅದರ ಪರವಾಗಿ ನಾ ಹೇಳೂದು ಖರೇನ ಇರಬೇಕು."

ದಾನ ಕೇಳುವಾಗಲೂ ಇದೇ ಮಾತಲ್ಲವೆ? ಮನುಷ್ಯರ ಹೆಸರಿನಲ್ಲಿ ಯಾರಾದರೂ ಹಣ ಎತ್ತಿದರೆ, 'ನನಗೇನೂ ಮುಟ್ಟಿಲ್ಲ' ಎಂದು ಒಂದು ದಿನ ಅವರೇ ಎದ್ದು ಹೇಳಿಯಾರು. ಕರು ಹೇಳೀತೆ? ಅದು ಬದುಕಿದೆಯೋ ಸತ್ತಿದೆಯೋ, ಎಷ್ಟು ತಿಂದಿತೋ, ಎಲ್ಲವನ್ನೂ ಕೊಡುವವರು ನಮ್ಮ ಬಾಯಿಂದಲೇ ತಿಳಿಯಬೇಕು. ಹಣ ಒಳ್ಳೆಯದಕ್ಕೇ ಹೋಯಿತೆಂಬುದರಿಂದ ಆ ಸುಳ್ಳು ಅಳಿಯುವುದಿಲ್ಲ.

ಮರುದಿನ ಪ್ರಾರ್ಥನೆಯ ನಂತರ ಎಲ್ಲರೆದುರು ಲೆಕ್ಕ ಹೇಳಿದೆ. ಕೂಡಿದ್ದು 6,140 ರೂಪಾಯಿ, ಖರ್ಚು 1,850, ಉಳಿದದ್ದು 4,290. ಕರು ಸತ್ತಿದೆ, ಬೇಕೆನ್ನುವವರು ತಿರುಗಿ ಒಯ್ಯಬಹುದು, ಉಳಿದದ್ದು ಗೋಶಾಲೆಗೆ. ಇದನ್ನೇ ಚೀಟಿಯಲ್ಲಿ ಬರೆದು ಓಣಿಗೂ ಕಳಿಸಿದೆ. ಯಾರೂ ಬರಲಿಕ್ಕಿಲ್ಲವೆಂದುಕೊಂಡಿದ್ದೆ. ಕಾಯಿಪಲ್ಲೆ ಮಾರುವ ಒಬ್ಬ ತಾಯಿ ಬಂದರು. "ಆ ಕರಕ್ಕಂತ ಐವತ್ತು ಕೊಟ್ಟಿದ್ನಿರಿ ಅಕ್ಕೋರ. ಅದು ಹೋತು. ನಮ್ಮನಿ ಆಡಿಗೆ ಔಷಧ ತರೂದೈತ್ರಿ." ಐವತ್ತು ರೂಪಾಯಿ ಕೈಗಿಟ್ಟಾಗ ನನಗೆ ತಿಳಿಯಿತು: ನಾನು ಸುಮ್ಮನಿದ್ದಿದ್ದರೆ ಈ ಮನೆಯ ಆಡಿನ ಔಷಧವನ್ನೇ ಕಸಿದುಕೊಂಡಂತಾಗುತ್ತಿತ್ತು.

ಅದೇ ವರ್ಷ ರಾಜ್ಯ ಸರಕಾರ 'ಪುಣ್ಯಕೋಟಿ ದತ್ತು ಯೋಜನೆ' ತಂದಿತ್ತು. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ಆಕಳನ್ನು ದತ್ತು ಪಡೆಯಬಹುದಿತ್ತು. ನವೆಂಬರ್ ತಿಂಗಳಲ್ಲಿ ಸರಕಾರಿ ನೌಕರರ ಸಂಬಳದಿಂದಲೂ ವಂತಿಗೆ ಹಿಡಿಯುವ ಆದೇಶ ಬಂತು: ಗ್ರೂಪ್ ಎ ನವರಿಗೆ 11,000, ಬಿ ಯವರಿಗೆ 4,000, ಸಿ ಯವರಿಗೆ 400, ಡಿ ಯವರಿಗೆ ವಿನಾಯಿತಿ. ಒಲ್ಲೆನೆನ್ನುವವರು ಬರೆದುಕೊಡಬೇಕಿತ್ತು. ಸುಮ್ಮನಿದ್ದವರನ್ನು ಒಪ್ಪಿದವರೆಂದು ತಿಳಿಯಬಹುದೆ ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆ ನಡೆಯಿತು. ನಾನು 400 ರೂಪಾಯಿ ಮನಸಾರೆ ಕೊಟ್ಟೆ. ಚರ್ಚೆಯಲ್ಲಿ ಮಾತ್ರ ಬಾಯಿ ತೆರೆಯಲಿಲ್ಲ. ಎಷ್ಟು, ಯಾತಕ್ಕೆ, ಬೇಡವಾದರೆ ಏನು ಮಾಡಬೇಕು ಎಂಬುದಾದರೂ ಆ ಕಾಗದದಲ್ಲಿತ್ತು. ನನ್ನ ಡಬ್ಬಿಯ ಮೇಲೆ ಅದೂ ಇರಲಿಲ್ಲ.

ಈಗ ಡಬ್ಬಿಯ ಬದಲು ಫೋನು ಬಂದಿದೆ. ಗಾಯಗೊಂಡ ನಾಯಿಯ ಚಿತ್ರ ನೋಡಿ ಹೊಟ್ಟೆ ಚುರ್ರೆನ್ನುತ್ತದೆ, ಅಡುಗೆಮನೆಯಲ್ಲಿ ನಿಂತಲ್ಲೇ ಹಣ ಕಳಿಸಿಬಿಡುತ್ತೇವೆ. ಅಕ್ಕತಂಗಿಯರೆ, ಕೊಡಿರಿ. ಆದರೆ ಆ ಪ್ರಾಣಿ ಎಲ್ಲಿದೆ, ಈಗ ಹೇಗಿದೆ, ರಸೀದಿ ಕೊಡುತ್ತೀರಾ ಎಂದು ಕೇಳಿರಿ. ಹತ್ತಿರವಿದ್ದರೆ ಒಮ್ಮೆ ಹೋಗಿ ನೋಡಿರಿ. ಕೇಳಿದರೆ ಪುಣ್ಯ ಕಡಿಮೆಯಾಗುವುದಿಲ್ಲ. ನೆಟ್ಟಗೆ ನಡೆಸುವವರು ಸಿಟ್ಟಾಗುವುದೂ ಇಲ್ಲ.

ನಿಜ ಹೇಳಿದರೆ ಹಣ ಕಡಿಮೆ ಕೂಡುತ್ತದೆಯೆ? ಹೌದು. ಆ ಸಲ ಮೂವರು ಹಣ ತಿರುಗಿ ಒಯ್ದರು, ಗೋಶಾಲೆಗೆ ಅಷ್ಟು ಮೇವು ಕಡಿಮೆ ಹೋಯಿತು. ಅದರ ನೋವು ನನಗಿದೆ.

ಮರುವರ್ಷ ಶಾಲೆಯ ನಾಯಿಗೆ ಪೆಟ್ಟಾದಾಗ ಮತ್ತೆ ಡಬ್ಬಿ ಇಟ್ಟೆವು. ಮೇಲೆ ದಿನದಿನದ ಲೆಕ್ಕ ಅಂಟಿಸಿದ್ದೆವು. ಅದೇ ಕಾಯಿಪಲ್ಲೆಯ ತಾಯಿ ಬಂದು ಇಪ್ಪತ್ತರ ನೋಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ನಾಯಿ ಇನ್ನೂ ಐತಿಲ್ರಿ, ಅಕ್ಕೋರ?"

"ಐತ್ರಿ" ಎಂದೆ. ಕರೆದುಕೊಂಡು ಹೋಗಿ ತೋರಿಸಿದೆ.