ಯಂತ್ರವಿದ್ಯೆಯೂ ವಿವೇಕವೂ

ವಿದ್ಯೆಯು ಮನುಷ್ಯನಿಗೆ ಎರಡು ಬಗೆಯ ಶಕ್ತಿಯನ್ನು ಕೊಡಬೇಕು. ಕೆಲಸವನ್ನು ಮಾಡುವ ಬಗೆಯನ್ನು ತಿಳಿಸುವುದು ಒಂದು. ಆ ಕೆಲಸವನ್ನು ಮಾಡಬೇಕೋ ಬಾರದೋ ಎಂಬುದನ್ನು ನಿರ್ಣಯಿಸುವ ಬುದ್ಧಿಯನ್ನು ಬೆಳೆಸುವುದು ಇನ್ನೊಂದು. ಮೊದಲನೆಯದು ಕೌಶಲ, ಎರಡನೆಯದು ವಿವೇಕ. ಇವೆರಡನ್ನೂ ಒಂದೇ ವಿದ್ಯಾಲಯದಲ್ಲಿ, ಒಟ್ಟಿಗೆ ಕಲಿಯಬಹುದೇ? ಸೇತುವೆ ಕಟ್ಟುವವನಿಗೆ ಇತಿಹಾಸವೇಕೆ, ಯಂತ್ರ ರಚಿಸುವವನಿಗೆ ತತ್ತ್ವಶಾಸ್ತ್ರವೇಕೆ? ಮಕ್ಕಳನ್ನು ಎಂಜಿನಿಯರಿಂಗ್ ಓದಿಗೆ ಕಳುಹಿಸುವ ತಂದೆತಾಯಿಗಳಲ್ಲಿ ಈ ಸಂದೇಹ ಏಳುವುದು ಸಹಜ. ವಾಚಕರು ಇದನ್ನು ನಮ್ಮೊಡನೆ ಸಾವಧಾನದಿಂದ ಪರಾಮರ್ಶಿಸಬೇಕೆಂದು ವಿನಂತಿ.

ಅಮೆರಿಕ ದೇಶದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳೆಂಬ ವಿದ್ಯಾಸಂಸ್ಥೆಗಳಿವೆ. ಹೆಚ್ಚಾಗಿ ಇವು ಪದವಿ ತರಗತಿಗಳಿಗೇ ಮೀಸಲಾದ ಸಣ್ಣ ಕಾಲೇಜುಗಳು. ಹೆಸರಿನಲ್ಲಿ ‘ಆರ್ಟ್ಸ್’ ಎಂದಿದ್ದರೂ ಅಲ್ಲಿ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಂತೆಯೇ ಗಣಿತವನ್ನೂ ವಿಜ್ಞಾನಗಳನ್ನೂ ಬೋಧಿಸುತ್ತಾರೆ. ಇವುಗಳಲ್ಲಿ ಕೆಲವು ಎಂಜಿನಿಯರಿಂಗನ್ನೂ ತಮ್ಮ ಮಡಿಲಿಗೆ ತೆಗೆದುಕೊಂಡಿವೆ. ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜು 1845ರಲ್ಲಿಯೇ ಸಿವಿಲ್ ಎಂಜಿನಿಯರಿಂಗ್ ಬೋಧನೆಯನ್ನು ಆರಂಭಿಸಿತು. ಕ್ವೇಕರ್ ಪಂಥದವರು 1864ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸ್ಥಾಪಿಸಿದ ಸ್ವಾರ್ತ್‌ಮೋರ್ ಕಾಲೇಜು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂದು ಪದವಿಯನ್ನು ಒಡೆಯದೆ, ಸಮಗ್ರವಾದ ಒಂದೇ ಎಂಜಿನಿಯರಿಂಗ್ ಪದವಿಯನ್ನು ಕೊಡುತ್ತದೆ. 1955ರಲ್ಲಿ ಸ್ಥಾಪಿತವಾದ ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು, ತನ್ನ ಕಾರ್ಯ ಸಮಾಜದ ಮೇಲೆ ಬೀರುವ ಪರಿಣಾಮವನ್ನು ಎಂಜಿನಿಯರನು ಅರಿತಿರಬೇಕೆಂಬುದನ್ನೇ ಧ್ಯೇಯವಾಗಿ ಸಾರಿದೆ. ಮಹಿಳೆಯರ ಸ್ಮಿತ್ ಕಾಲೇಜು 1999ರಲ್ಲಿ ಎಂಜಿನಿಯರಿಂಗ್ ವಿಭಾಗವನ್ನು ತೆರೆಯಿತು. ಅದರ ಮೊದಲ ತಂಡ 2004ರಲ್ಲಿ ಪದವಿ ಪಡೆಯಿತು. ಇನ್ನು ಕೆಲವು ಕಾಲೇಜುಗಳ ವಿದ್ಯಾರ್ಥಿಗಳು ಮೂರು ವರ್ಷ ಅಲ್ಲಿ ಓದಿ, ಮುಂದಿನ ಎರಡು ವರ್ಷ ವಿಶ್ವವಿದ್ಯಾಲಯವೊಂದರ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿ ಎರಡು ಪದವಿಗಳನ್ನು ಪಡೆಯುವ ವ್ಯವಸ್ಥೆಯೂ ಉಂಟು.

ಈ ಮಾರ್ಗಕ್ಕೆ ಬರುವ ಆಕ್ಷೇಪ ಹುಸಿಯಾದುದಲ್ಲ. ನಾಲ್ಕು ವರ್ಷಗಳ ಅವಧಿ ಯಾರಿಗೂ ಹಿಗ್ಗುವುದಿಲ್ಲ. ತತ್ತ್ವಶಾಸ್ತ್ರಕ್ಕೆ ಕೊಟ್ಟ ಕಾಲವನ್ನು ಯಂತ್ರವಿನ್ಯಾಸದಿಂದ ಕಳೆಯಲೇಬೇಕು. ಸಣ್ಣ ಕಾಲೇಜಿನಲ್ಲಿ ವಿಶೇಷ ಶಾಖೆಗಳ ಪಾಠಗಳು ಕಡಿಮೆ, ಪ್ರಯೋಗಶಾಲೆಗಳೂ ಮಿತ. ಬಿಟ್ಟುಹೋದ ಆಳವನ್ನು ಉನ್ನತ ಪದವಿಯಲ್ಲಿ ತುಂಬಿಕೊಳ್ಳಬೇಕಾಗಬಹುದು. ಅರೆಬರೆ ಕಲಿತ ಎಂಜಿನಿಯರನು ಎಷ್ಟೇ ಸಜ್ಜನನಾದರೂ ಅವನು ಕಟ್ಟಿದ ಛಾವಣಿ ಬೀಳದಿರುವುದಿಲ್ಲ. ಕೌಶಲವಿಲ್ಲದ ಸದಿಚ್ಛೆಯನ್ನು ನಾವು ವಿವೇಕವೆಂದು ಕರೆಯಲಾರೆವು.

ಆದರೆ ಇದರ ಮತ್ತೊಂದು ಮುಖವನ್ನೂ ನೋಡಿರಿ. 1986ರ ಜನವರಿ 28ರಂದು ಫ್ಲಾರಿಡಾದಿಂದ ಮೇಲೇರಿದ ಚಾಲೆಂಜರ್ ಬಾಹ್ಯಾಕಾಶ ನೌಕೆ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ಮಡಿದರು. ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಬಳೆಗಳು ಚಳಿಯಲ್ಲಿ ಪೆಡಸಾಗಿ, ಬಿಸಿ ಅನಿಲವನ್ನು ತಡೆಯಲಾರದೆ ಹೋದುದೇ ಕಾರಣ. ಇದು ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ರಾಕೆಟ್ಟನ್ನು ತಯಾರಿಸಿದ ಸಂಸ್ಥೆಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ, ಇಂಥ ಚಳಿಯಲ್ಲಿ ಉಡಾವಣೆ ಬೇಡವೆಂದು ವಾದಿಸಿದ್ದರು. ಆಗ ಆ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಎಂಜಿನಿಯರನ ಟೋಪಿಯನ್ನು ತೆಗೆದಿಟ್ಟು ಆಡಳಿತಗಾರನ ಟೋಪಿಯನ್ನು ಧರಿಸುವಂತೆ ಹೇಳಿದರು. ಟೋಪಿ ಬದಲಾಯಿತು, ಉಡಾವಣೆಗೆ ಒಪ್ಪಿಗೆ ದೊರೆಯಿತು.

ಅಂದು ಕೊರತೆಯಾದುದು ಯಾವುದು? ಲೆಕ್ಕ ಬಲ್ಲವರಿದ್ದರು, ಅಪಾಯವನ್ನು ಕಂಡವರಿದ್ದರು, ಧೈರ್ಯದಿಂದ ನುಡಿದವರೂ ಇದ್ದರು. ನೌಕೆಯು ಸುರಕ್ಷಿತವೆಂದು ಸಾಧಿಸಿ ತೋರಿಸುವುದು ಉಡಾವಣೆಯ ವಾಡಿಕೆಯಾಗಿತ್ತು. ಆ ರಾತ್ರಿ ಮಾತ್ರ ಅದು ಅಸುರಕ್ಷಿತವೆಂದು ಸಾಧಿಸುವ ಹೊಣೆ ಎಂಜಿನಿಯರುಗಳ ಮೇಲೆ ಬಿದ್ದಿತು. ಪ್ರಾಣದ ಪ್ರಶ್ನೆ ಇರುವಲ್ಲಿ ಸಾಧಿಸುವ ಹೊಣೆ ಯಾರದು? ಇದಕ್ಕೆ ಯಾವ ಸಮೀಕರಣದಲ್ಲಿಯೂ ಉತ್ತರವಿಲ್ಲ. ಇದು ನ್ಯಾಯಶಾಸ್ತ್ರದ, ನೀತಿಶಾಸ್ತ್ರದ ಪ್ರಶ್ನೆ. ಪ್ರಶ್ನೆಯು ತಿರುವುಮುರುವಾದುದನ್ನು ಗುರುತಿಸಿ, ‘ಈ ಹೊಣೆ ನಮ್ಮದಲ್ಲ, ನಿಮ್ಮದು’ ಎಂದು ಹೇಳಬಲ್ಲ ಮಾತಿನ ಬಲವನ್ನು ಎಂಜಿನಿಯರನು ಎಲ್ಲಿಂದ ತರಬೇಕು? ಮನುಷ್ಯರು ಹೇಗೆ ವಾದಿಸುತ್ತಾರೆ, ಹೇಗೆ ಅಧಿಕಾರಕ್ಕೆ ಮಣಿಯುತ್ತಾರೆ, ಹಿಂದೆ ಎಲ್ಲಿ ಎಡವಿದ್ದಾರೆ ಎಂಬುದನ್ನು ಕಲಿಸುವ ವಿದ್ಯೆಗಳು ಅವನಿಗೆ ಅಲಂಕಾರವಲ್ಲ, ಆಯುಧ.

ಹಾಗೆಂದು ಗ್ರಂಥ ಓದಿದ ಮಾತ್ರಕ್ಕೆ ಅಂತಃಕರಣ ಹುಟ್ಟುತ್ತದೆಂದು ಭ್ರಮಿಸಬಾರದು. ನೀತಿಶಾಸ್ತ್ರದಲ್ಲಿ ಉನ್ನತ ಅಂಕ ಪಡೆದವನೂ ಅಂಜಿಕೆಯಿಂದ ಸಹಿ ಹಾಕಿಯಾನು. ಎರಡು ವಿದ್ಯೆಗಳನ್ನು ಒಂದೇ ಕಾಲೇಜಿನಲ್ಲಿ ಓದಿದರೆ ಮಾತ್ರ ಫಲವೆಂದೂ ಇಲ್ಲ. ನಮ್ಮ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ ಬಳಿಕವೇ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಒಂದರ ಬಳಿಕ ಒಂದಾಗಿಯೂ ಕಲಿಯಬಹುದು, ಒಟ್ಟಿಗೂ ಕಲಿಯಬಹುದು. ಒಟ್ಟಿಗೆ ಕಲಿಯುವುದರಲ್ಲಿ ಒಂದು ವಿಶೇಷವುಂಟು: ಬೆಳಿಗ್ಗೆ ಉಕ್ಕಿನ ಬಲವನ್ನು ಅಳೆದ ವಿದ್ಯಾರ್ಥಿಯೇ ಮಧ್ಯಾಹ್ನ ನ್ಯಾಯವೆಂದರೇನೆಂದು ಚರ್ಚಿಸುವಾಗ, ಈ ಎರಡು ಪ್ರಶ್ನೆಗಳೂ ಒಂದೇ ತಲೆಗೆ ಸೇರಿದವೆಂಬುದು ಅವನಿಗೆ ಯಾರೂ ಹೇಳದೆಯೇ ಮನವರಿಕೆಯಾಗುತ್ತದೆ.

ತರುಣ ವಾಚಕರೇ, ನೀವು ಯಾವ ಕಾಲೇಜನ್ನು ಸೇರುವಿರೆಂಬುದು ನಿಮ್ಮ ಶಕ್ತಿಗೂ ಮನೆಯ ಅನುಕೂಲಕ್ಕೂ ಬಿಟ್ಟ ವಿಷಯ. ಆ ಅಮೆರಿಕದ ಕಾಲೇಜುಗಳ ವೆಚ್ಚ ಎಲ್ಲರಿಗೂ ಎಟುಕುವಂಥದಲ್ಲ. ಆದರೆ ಅವುಗಳ ಹಿಂದಿರುವ ತತ್ತ್ವಕ್ಕೆ ಶುಲ್ಕವಿಲ್ಲ. ನಿಮ್ಮ ಯಂತ್ರವಿದ್ಯೆಯನ್ನು ಕೊರತೆಯಿಲ್ಲದಂತೆ ಕಲಿಯಿರಿ. ಅದರೊಡನೆ ಮನುಷ್ಯನನ್ನು ಕುರಿತ ವಿದ್ಯೆಯನ್ನೂ ಬಿಡದೆ ಅಭ್ಯಸಿಸಿರಿ. ಒಂದು ದಿನ ನಿಮ್ಮೆದುರಿಗೂ ಒಂದು ಕಾಗದ ಬರುತ್ತದೆ. ಸಹಿ ಹಾಕೆಂದು ಮೇಲಿನವರು ಅವಸರಪಡಿಸುತ್ತಾರೆ. ಟೋಪಿಯನ್ನು ಬದಲಿಸಲು ಯಾರಾದರೂ ಹೇಳಿದರೆ, ಅದರ ಕೆಳಗಿರುವ ತಲೆ ಒಂದೇ ಎಂಬುದನ್ನು ಆ ಹೊತ್ತಿನಲ್ಲಿ ನೆನೆಯಿರಿ.